ಸಿಂತ್ರದಲ್ಲಿ ತಳ್ಳಿದ ಸೈಕಲ್, ಲೂಸುವಿನಲ್ಲಿ ತುಳಿದ ಸೈಕಲ್

ಮೊದಲೇ ಹೇಳಿಬಿಡುತ್ತೇನೆ, ಸೈಕಲ್ ತುಳಿಯೋಕೆ ಪೋರ್ಚುಗಲ್ಲಿನ ಸಿಂತ್ರವಾ, ಲೂಸುವಾ ಅಂದರೆ ನನ್ನ ಓಟು ಲೂಸುವಿಗೆ. ನಗಬೇಡಿ, ಊರಿನ ಹೆಸರೇ ಹಾಗೆ. ಪೋರ್ಚುಗೀಸರ ಬಾಯಲ್ಲಿ ಅದು ‘ಲೂಜು’ ಆಗುತ್ತದೆ. ಫೋನಿನಲ್ಲಿ ಅಮ್ಮನಿಗೆ “ಲೂಸು ಅನ್ನೋ ಊರಿಗೆ ಬಂದಿದ್ದೀವಿ” ಅಂದೆ. “ಸರಿಯಾದ ಊರಿಗೇ ಹೋಗಿದ್ದೀರ ಬಿಡು” ಅಂದರು.

ನಾವಿರುವುದು ನೆದರ್ಲೆಂಡ್ಸಿನ ಐಂಡ್‌ಹೋವನ್‌ನಲ್ಲಿ. ಆಫೀಸು, ತರಕಾರಿ, ಮಗಳ ಸ್ಕೂಲು, ಎಲ್ಲಕ್ಕೂ ಸೈಕಲ್ಲೇ. ಆದರೆ ಅಲ್ಲಿ ಏರು ಅಂದರೆ ರೈಲ್ವೆ ಸೇತುವೆ ಅಷ್ಟೆ. ಇದನ್ನು ಮನಸ್ಸಿನಲ್ಲಿಟ್ಟುಕೊಂಡು ಮುಂದೆ ಓದಿ. ಹೋದ ಮೇ ತಿಂಗಳಲ್ಲಿ ಮಗಳನ್ನು ಅಕ್ಕನ ಮನೆಯಲ್ಲಿ ಬಿಟ್ಟು ನಾವಿಬ್ಬರೇ ಪೋರ್ಚುಗಲ್ಲಿಗೆ ಹೋದೆವು. ಸಿಂತ್ರದಲ್ಲಿ 3 ದಿನ, ಲೂಸುವಿನಲ್ಲಿ 4 ದಿನ. ಎರಡೂ ಕಡೆ ಹಳೇ ಊರು, ಅದರ ನೆತ್ತಿಯ ಮೇಲೆ ದಟ್ಟ ಕಾಡು, ಕಾಡಿನೊಳಗೆ ಸೈಕಲ್ ದಾರಿ. ಇನ್ನೊಂದು ತಮಾಷೆ ಇದೆ. ಎರಡೂ ಬೆಟ್ಟಗಳ ತುದಿಯ ಹೆಸರು ‘ಕ್ರೂಜ್ ಆಲ್ತಾ’, ಅಂದರೆ ಎತ್ತರದ ಶಿಲುಬೆ. ಸಿಂತ್ರದ್ದು 530 ಮೀಟರ್ ಹತ್ತಿರ, ಲೂಸುವಿನ ಮೇಲಿರುವ ಬುಸಾಕು ಬೆಟ್ಟದ್ದು 549. ಸಿಂತ್ರದ ತುದಿ ಅರಮನೆಯ ತೋಟದ ಒಳಗಿದೆ, ಟಿಕೆಟ್ ತೆಗೆಯಬೇಕು. ಬುಸಾಕು ಕಾಡಿಗೆ ಕಾರಲ್ಲಿ ಹೋದರೆ ದುಡ್ಡು ಕೊಡಬೇಕು. ನಾವು ಸೈಕಲ್ಲಲ್ಲಿ ಸುಮ್ನೆ ಒಳಗೆ ಹೋದೆವು.

ಸಿಂತ್ರ ಚೆಂದ ಇಲ್ಲ ಅಂತ ಹೇಳಿದರೆ ನನ್ನ ನಾಲಿಗೆ ಬಿದ್ದುಹೋಗುತ್ತದೆ. ಮಂಜು, ಪಾಚಿ ಹಿಡಿದ ಗೋಡೆಗಳು, ಬೆಟ್ಟದ ಮೇಲೆ ಹಳದಿ ಕೆಂಪು ಬಣ್ಣದ ಪೇನಾ ಅರಮನೆ. 1995ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದ ಜಾಗ ಅದು. ಲಿಸ್ಬನ್ನಿನ ರೊಸಿಯು ಸ್ಟೇಷನ್ನಿನಿಂದ ರೈಲಿನಲ್ಲಿ 40 ನಿಮಿಷ. ಅನುಕೂಲದಲ್ಲಿ ಇದನ್ನು ಮೀರಿಸುವುದು ಕಷ್ಟ. ಮೊದಲ ದಿನ ನಡೆದುಕೊಂಡು ಸುತ್ತುವಾಗ ಪೆನ್ಯಾ ವೆರ್ದೆ ಅನ್ನುವ ಹಳೇ ಎಸ್ಟೇಟಿನ ಗೋಡೆ ಪಕ್ಕ ಹಾದುಹೋದೆವು. ಗೋವಾದಲ್ಲಿ ವೈಸರಾಯ್ ಆಗಿದ್ದು 1548ರಲ್ಲಿ ಅಲ್ಲೇ ತೀರಿಕೊಂಡ ಜುವಾವ್ ದಿ ಕಾಸ್ತ್ರೊನ ಜಾಗ ಅದು. ಸೋಮನಾಥದ ಸಂಸ್ಕೃತ ಶಾಸನವೊಂದು ಎಲ್ಲಿಂದ ಎಲ್ಲಿಗೋ ಬಂದು ಈ ತೋಟ ಸೇರಿತ್ತು. ಗೇಟು ಮುಚ್ಚಿತ್ತು. ಗೋಡೆ ನೋಡಿಕೊಂಡೇ ಬಂದೆವು.

ಇನ್ನು ಎರಡನೇ ದಿನದ ಕಥೆ.

ಬೆಟ್ಟ ಅಂತ ಹೆದರಿ ಎಲೆಕ್ಟ್ರಿಕ್ ಸೈಕಲ್ ಬಾಡಿಗೆಗೆ ತೆಗೆದುಕೊಂಡೆವು. ಒಂದಕ್ಕೆ ದಿನಕ್ಕೆ 38 ಯೂರೋ. ನನ್ನ ಸೈಕಲ್ಲಿನ ಬ್ಯಾಟರಿಯಲ್ಲಿ ಐದು ಕಡ್ಡಿಗಳ ಪೈಕಿ ಮೂರೇ ಉರಿಯುತ್ತಿದ್ದವು. ಕೇಳಿದೆ. ಅಂಗಡಿ ಹುಡುಗ “60 ಕಿಲೋಮೀಟರ್ ಆರಾಮಾಗಿ ಬರುತ್ತೆ” ಅಂದ. ನಾನು ನಂಬಿದೆ. ಐಂಡ್‌ಹೋವನ್‌ನಲ್ಲಿ ಗೆಳತಿಯ ಸೈಕಲ್ ಅರ್ಧ ಬ್ಯಾಟರಿಯಲ್ಲಿ ಎರಡು ದಿನ ಓಡುವುದನ್ನು ನೋಡಿದ್ದೆನಲ್ಲ!

ತಪ್ಪಿದ್ದು ಅಲ್ಲೇ. ಸಮತಟ್ಟು ನೆಲದಲ್ಲಿ ಮೋಟರಿಗೆ ಗಾಳಿ ತಳ್ಳುವ ಕೆಲಸ ಅಷ್ಟೆ. ಏರಿನಲ್ಲಿ ನನ್ನನ್ನೂ, ಸೈಕಲ್ಲನ್ನೂ, ಬೆನ್ನಿನ ಚೀಲದ ಚಪಾತಿ ಉಪ್ಪಿನಕಾಯಿಯನ್ನೂ ಅದು ಮೇಲಕ್ಕೆ ಎತ್ತಬೇಕು. ಊರಿಂದ ಬೆಟ್ಟ ಹತ್ತುವಷ್ಟರಲ್ಲಿ ಒಂದು ಕಡ್ಡಿ ಹೋಯಿತು. ಕಾಪುಶೂಸ್ ಅನ್ನುವ ಪುಟ್ಟ ಮಠದ ಹತ್ತಿರ ನಿಂತು ತಿಂದೆವು. 1560ರ ಮಠ ಅದು. ಸನ್ಯಾಸಿಗಳ ಕೋಣೆಗಳಿಗೆ ಬೆಂಡಿನ ಮರದ ತೊಗಟೆಯನ್ನೇ ಹೊದಿಸಿದ್ದಾರೆ. ಅಲ್ಲಿಂದ ಪೆನಿನ್ಯಾ ಗುಡ್ಡ, ಮತ್ತೆ ಏರು, ಇನ್ನೊಂದು ಕಡ್ಡಿ. ಆಮೇಲೆ ಕಾಬು ದ ರೊಕ ಕಡೆಗೆ ಜುಯ್ ಅಂತ ಇಳಿದೆವು. ಯೂರೋಪ್ ಭೂಭಾಗದ ಪಶ್ಚಿಮದ ಕೊನೇ ಚೂರು ಅದು, ಕೆಳಗೆ ಅಟ್ಲಾಂಟಿಕ್. ಫೋಟೋ ತೆಗೆಯುವಾಗ ಬ್ಯಾಟರಿ ನೆನಪಾಗಲಿಲ್ಲ. ಯಾರಿಗೆ ಆಗುತ್ತೆ ಹೇಳಿ?

ವಾಪಸ್ ಬರುವಾಗ ಕೊಲಾರಿಸ್ ಊರಿನಲ್ಲಿ ಡಿಸ್‌ಪ್ಲೇ ಆರಿಹೋಯಿತು. ಕೊಲಾರಿಸ್ ತಗ್ಗಿನಲ್ಲಿದೆ. ಸಿಂತ್ರಕ್ಕೆ ಇನ್ನೂ ಸುಮಾರು 7 ಕಿಲೋಮೀಟರ್, ಕೊನೆಕೊನೆಗೆ ಬರೀ ಏರು. ಮೋಟರ್ ಸತ್ತ ಎಲೆಕ್ಟ್ರಿಕ್ ಸೈಕಲ್ ತುಳಿದು ನೋಡಿದ್ದೀರಾ? 24 ಕಿಲೋ ಇತ್ತು ಅದು. ಹೆಚ್ಚುಕಮ್ಮಿ ಒಂದು ಅಕ್ಕಿ ಮೂಟೆ! ನಮ್ಮನೆಯವರ ಸೈಕಲ್ಲಲ್ಲಿ ಎರಡು ಕಡ್ಡಿ ಉಳಿದಿತ್ತು. ಅದಕ್ಕೂ ಇದಕ್ಕೂ ಬ್ಯಾಟರಿ ಅದಲುಬದಲು ಮಾಡೋಣ ಅಂದರೆ, ಬ್ಯಾಟರಿ ಬೀಗದ ಕೀಲಿ ಅಂಗಡಿಯವನ ಹತ್ತಿರವೇ ಇದೆ. ಕಳ್ಳರು ಬ್ಯಾಟರಿ ಎತ್ತಿಕೊಂಡು ಹೋಗಬಾರದಲ್ಲ. ಸರಿ, ಸೈಕಲ್ಲನ್ನೇ ಅದಲುಬದಲು ಮಾಡಿಕೊಂಡೆವು. ಒಂದೊಂದು ಕಿಲೋಮೀಟರಿಗೆ ಒಬ್ಬರು ತಳ್ಳುವುದು, ಒಬ್ಬರು ತುಳಿಯುವುದು. ಪಕ್ಕದಲ್ಲೇ ಟ್ರಾಮ್ ಹಳಿ. 1904ರಿಂದ ಸಿಂತ್ರಕ್ಕೂ ಸಮುದ್ರ ದಂಡೆಗೂ ನಡುವೆ ಇರುವ ಹಳೇ ಟ್ರಾಮ್ ಅದು. ಕೆಂಪು ಬಣ್ಣದ ಡಬ್ಬಿ ಗಂಟೆ ಬಾರಿಸುತ್ತಾ ಹಾದುಹೋಯಿತು. ಒಳಗಿದ್ದವರು ನಮಗೆ ಕೈ ಬೀಸಿದರು.

“ರೀ, ಅಡ್ಡ ನಿಲ್ಲಿಸಿ ಹತ್ತಿಬಿಡೋಣವಾ?”

“ಈ ಮೂಟೇನ ಎಲ್ಲಿ ಇಡ್ತೀಯ, ತೊಡೆ ಮೇಲಾ?”

ಅಂಗಡಿ ತಲುಪಿದಾಗ ಬಾಗಿಲು ಹಾಕಿತ್ತು. ಮರುದಿನ ಬೆಳಿಗ್ಗೆ ವಾಪಸ್ ಕೊಟ್ಟರೆ, ತಡ ಆಯಿತು ಅಂತ ಇನ್ನೂ ಅರ್ಧ ದಿನದ ಬಾಡಿಗೆ ಹಿಡಿದುಕೊಂಡರು. ಮೂರು ಕಡ್ಡಿಯ ವಿಷಯ ಎತ್ತಿದೆ. “ನೀವು ಟರ್ಬೊ ಹಾಕಿರ್ತೀರ” ಅಂದರು. ಟರ್ಬೊ ಅಂದರೆ ಮೋಟರಿನ ಪೂರ್ತಿ ಜೋರು. ಹಾಕಿದ್ದೆ, ನಿಜ. ಆ ಏರಿಗೆ ಇನ್ನೇನು ಹಾಕುವುದು? ಇಬ್ಬರಿಗೂ ಸೇರಿ ಒಟ್ಟು 114 ಯೂರೋ. ಅಷ್ಟು ದುಡ್ಡಿಗೆ ಐಂಡ್‌ಹೋವನ್‌ನಲ್ಲಿ ಹಳೇ ಸೈಕಲ್ ಒಂದನ್ನು ಕೊಂಡೇ ಬಿಡಬಹುದು.

ಲೂಸುವಿನಲ್ಲಿ ಎಲೆಕ್ಟ್ರಿಕ್ ಮಾತೇ ಇಲ್ಲ. ತಂಗಿದ್ದ ಮನೆಯವರು ತಮ್ಮದೇ ಎರಡು ಗೇರ್ ಸೈಕಲ್ ಕೊಟ್ಟರು, ದಿನಕ್ಕೆ 12 ಯೂರೋ. ನ್ಯಾಯವಾಗಿ ಹೇಳಬೇಕಂದರೆ ಇಲ್ಲೂ ತಳ್ಳಿದೆ. ಊರಿಂದ ಕಾಡಿನ ಬಾಗಿಲವರೆಗಿನ ಏರು ಕಡಿಮೆಯದ್ದಲ್ಲ. ಆದರೆ 13 ಕಿಲೋ ತಳ್ಳುವುದೇ ಬೇರೆ. ಬೇಜಾರಾದರೆ ಹೆಗಲಿಗೆ ಹಾಕಿಕೊಳ್ಳಬಹುದು.

ಬುಸಾಕು ಕಾಡು ದೊಡ್ಡದೇನಲ್ಲ, 105 ಹೆಕ್ಟೇರ್. ಸುತ್ತಲೂ ಕಲ್ಲಿನ ಗೋಡೆ. 1628ರಲ್ಲಿ ಇಲ್ಲಿಗೆ ಬಂದ ಕಾರ್ಮೆಲೈಟ್ ಸನ್ಯಾಸಿಗಳು ಗೋಡೆ ಕಟ್ಟಿ, ಒಳಗೆ ಮರ ನೆಟ್ಟು ಬೆಳೆಸಿದರು. ಕೊಯಿಂಬ್ರಾ ಬಾಗಿಲಿನಲ್ಲಿ ಪೋಪರ ಎರಡು ಆಜ್ಞೆಗಳನ್ನು ಕಲ್ಲಿನಲ್ಲಿ ಕೆತ್ತಿಸಿದ್ದಾರೆ. 1643ರದ್ದು, ಇಲ್ಲಿ ಮರ ಕಡಿದವರಿಗೆ ಧರ್ಮದಿಂದ ಬಹಿಷ್ಕಾರ ಅನ್ನುತ್ತದೆ. ಅದಕ್ಕೂ ಹಿಂದಿನ 1622ರದ್ದು, ಹೆಂಗಸರು ಒಳಗೆ ಕಾಲಿಡಬಾರದು ಅನ್ನುತ್ತದೆ. ನಾನು ಅದರ ಕೆಳಗೇ ಸೈಕಲ್ ಒರಗಿಸಿ ನೀರು ಕುಡಿದೆ.

ಒಳಗಿನ ಟಾರ್ ರಸ್ತೆ ತಿರುಗಿ ತಿರುಗಿ ಕ್ರೂಜ್ ಆಲ್ತಾಗೆ ಹತ್ತುತ್ತದೆ. ಬಿಸಿಲು ನೆಲಕ್ಕೆ ಬೀಳುವುದೇ ಅಪರೂಪ. ಮರದೆತ್ತರದ ಜರೀಗಿಡಗಳ ಕಣಿವೆಯಲ್ಲಿ ಮಾತ್ರ ಸೈಕಲ್ ಬಿಟ್ಟು ನಡೆಯಬೇಕು. ಇಲ್ಲಿನ ಹೆಸರುವಾಸಿ ಮರಕ್ಕೆ ‘ಬುಸಾಕು ಸೀಡರ್’ ಅನ್ನುತ್ತಾರೆ, ಒಂದು ಕಾಲದಲ್ಲಿ ‘ಗೋವಾ ಸೀಡರ್’ ಅಂತಲೂ ಕರೆಯುತ್ತಿದ್ದರು. ಅದು ಸೀಡರೂ ಅಲ್ಲ, ಗೋವಾದ್ದೂ ಅಲ್ಲ. ಮೆಕ್ಸಿಕೋ ಕಡೆಯ ಸೈಪ್ರೆಸ್. ಆಕಾಶ ತಿಳಿಯಾಗಿದ್ದರೆ ತುದಿಯಿಂದ ಸಮುದ್ರ ಕಾಣುತ್ತದೆ. ನಮಗೆ ಕಂಡಿತು.

ಮೈಸೂರು ಕಡೆಯವಳಾದ ನನಗೆ ಇಲ್ಲಿ ಇನ್ನೊಬ್ಬ ಪರಿಚಯದವನು ಸಿಕ್ಕಿದ. 1799ರಲ್ಲಿ ಟಿಪ್ಪು ಬಿದ್ದ ಮೇಲೆ ಶ್ರೀರಂಗಪಟ್ಟಣದ ಆಡಳಿತ ನೋಡಿಕೊಂಡು, ದರಿಯಾ ದೌಲತ್ತಿನಲ್ಲಿ ಠಿಕಾಣಿ ಹೂಡಿದ್ದ ಕರ್ನಲ್ ವೆಲ್ಲೆಸ್ಲಿ. ಅದೇ ಮನುಷ್ಯ ವೆಲ್ಲಿಂಗ್ಟನ್ ಅನ್ನುವ ಹೆಸರಿನಲ್ಲಿ 1810ರ ಸೆಪ್ಟೆಂಬರ್ 27ರಂದು ಈ ಬೆಟ್ಟದ ಸಾಲಿನ ಮೇಲೆ ನಿಂತು, ಮಸೇನಾನ ಫ್ರೆಂಚ್ ಸೈನ್ಯವನ್ನು ಕೆಳಕ್ಕೆ ತಳ್ಳಿದ. ಇಲ್ಲಿ ಅವನಿಗೆ ಉಳಿಯಲು ಸಿಕ್ಕಿದ್ದು ಮಠದ ಒಂದು ಕೋಣೆ. ದರಿಯಾ ದೌಲತ್ತಿನ ಬಣ್ಣದ ಗೋಡೆ ನೋಡಿದವನಿಗೆ ಅದು ಹೇಗನ್ನಿಸಿತೋ. ನಮ್ಮನೆಯವರು “ಇವನು ಎಲ್ಲಿ ಹೋದರೂ ಬಿಡಲ್ವಲ್ಲ” ಅಂದರು.

ಮೂರನೇ ದಿನ ತಂಗಿದ್ದ ಮನೆಯವರ ವ್ಯಾನಿನಲ್ಲಿ ಸೈಕಲ್ ಹಾಕಿಕೊಂಡು ಸಾಂತಾ ಕೊಂಬಾ ದಾವ್‌ಗೆ ಹೋದೆವು. 1890ರಲ್ಲಿ ಶುರುವಾದ ಹಳೇ ರೈಲು ಮಾರ್ಗ ನಿಂತುಹೋಗಿ, ಈಗ ವಿಜೆವುವರೆಗೆ 49 ಕಿಲೋಮೀಟರ್ ಸೈಕಲ್ ದಾರಿ. ರೈಲಿಗಾಗಿ ಮಾಡಿದ ದಾರಿ ಅಲ್ವಾ, ಏರು ಇದ್ದರೂ ಗೊತ್ತಾಗುವುದಿಲ್ಲ. ಪೈನ್ ಕಾಡು, ದ್ರಾಕ್ಷಿ ತೋಟ, ಬಾಗಿಲು ಹಾಕಿದ ಪುಟ್ಟ ಸ್ಟೇಷನ್ನುಗಳು. ನೆಲದ ಬಣ್ಣ ನೀಲಿ, ಹಸಿರು, ಕೆಂಪು, ತಾಲ್ಲೂಕಿಗೊಂದು. ತೊಂದೆಲಾವರೆಗೆ ಹೋಗಿ ವಾಪಸ್ ಬಂದೆವು. ನನ್ನ ಸಮತಟ್ಟು ನೆಲದ ಕಾಲುಗಳಿಗೆ ಆ ಪ್ರವಾಸದಲ್ಲಿ ಸಿಕ್ಕ ಒಂದೇ ನೆಮ್ಮದಿ.

ಉಳಿದವು ಬೇಗ ಬೇಗ. ಊಟ: ನಾವು ಸಸ್ಯಾಹಾರಿಗಳು, ಇಲ್ಲಿ ಸಿಂತ್ರವೇ ಗೆದ್ದಿತು. ಲೂಸು ಇರುವ ಬೈರಾದಾ ಸೀಮೆಯಲ್ಲಿ ಎಲ್ಲಿ ನೋಡಿದರೂ ಹಂದಿಮರಿ ಸುಡುವ ಹೋಟೆಲುಗಳು. ನಾಲ್ಕು ದಿನ ಬ್ರೆಡ್ಡು, ಚೀಸು, ಟೊಮೇಟೊ. ಮೊಟ್ಟೆ ತಿನ್ನುವವರಾದರೆ ಸಿಂತ್ರದ ಬಾದಾಮಿ ತುಂಬಿದ ತ್ರವೆಸೇರು ಅನ್ನುವ ಸಿಹಿ ತಿಂಡಿ ಬಿಡಬೇಡಿ. ಜನ: ಸಿಂತ್ರದಲ್ಲಿ ಜಾತ್ರೆ, ರಸ್ತೆ ತುಂಬ ಟುಕ್‌ಟುಕ್. ಬಸ್ಸು: ಕೊಯಿಂಬ್ರಾದಿಂದ ಲೂಸುವಿಗೆ ಕಡಿಮೆ, ಒಂದು ತಪ್ಪಿದರೆ ಅರ್ಧ ದಿನ ಹೋಯಿತು. ನೀರು: ಲೂಸುವಿನ ಸಾಂಜುವಾವ್ ಚಿಲುಮೆಯಲ್ಲಿ ಪುಕ್ಕಟೆ. ಜನ ಕ್ಯಾನುಗಟ್ಟಲೆ ತುಂಬಿಕೊಂಡು ಹೋಗುತ್ತಾರೆ.

ಕಾಲಲ್ಲಿ ಬಲ ಇದ್ದು, ಬೆಟ್ಟದ ರಸ್ತೆ ರೂಢಿ ಇದ್ದವರಿಗೆ ಸಿಂತ್ರದ ಕಾಡು ಇನ್ನೂ ದೊಡ್ಡದು, ಜಾಸ್ತಿ ಮಜಾ ಕೊಡಬಹುದು. ನಿಮ್ಮ ಹತ್ತಿರ ಒಂದೇ ದಿನ ಇದ್ದರೂ ಸಿಂತ್ರಕ್ಕೇ ಹೋಗಿ. ಸೈಕಲ್ ಮಾತ್ರ ಮುಟ್ಟಬೇಡಿ, ನಡೆಯಿರಿ. ಎಲೆಕ್ಟ್ರಿಕ್ ಬೇಕೇ ಬೇಕು ಅಂದರೆ ಐದೂ ಕಡ್ಡಿ ನೋಡಿ, ಬ್ಯಾಟರಿ ಕೀಲಿ ಇಸಿದುಕೊಂಡು ಹೊರಡಿ. ನಾವು ಮುಂದಿನ ಸಲ ಮಗಳನ್ನೂ ಕರೆದುಕೊಂಡು ನೇರ ಲೂಸುವಿಗೆ. ವಿಜೆವುವರೆಗಿನ ಅರ್ಧ ದಾರಿ ಇನ್ನೂ ಬಾಕಿ ಇದೆ. ಚಪಾತಿ ಮಾತ್ರ ಈ ಸಲ ಇಪ್ಪತ್ತು ಜಾಸ್ತಿ ಕಟ್ಟಿಕೊಳ್ಳಬೇಕು.