ಕೂಬಿದೆ, ಜೂಜೆ, ಬರ್ಗ್: ಬರ್ ದುಬೈಯ ಪುಟ್ಟ ಇರಾನಿ ಅಂಗಡಿಯಲ್ಲಿ ಯಾವುದನ್ನು ತಿನ್ನಬೇಕು?

ಬರ್ ದುಬೈಯಲ್ಲಿ ನಮ್ಮ ಮನೆಯಿಂದ ಹತ್ತು ನಿಮಿಷ ನಡೆದರೆ ಒಂದು ಚಿಕ್ಕ ಇರಾನಿ ಕಬಾಬ್ ಅಂಗಡಿ ಸಿಗುತ್ತದೆ. ಇರುವುದು ಏಳೇ ಮೇಜು. ಒಳಗೆ ಕಾಲಿಟ್ಟರೆ ಎದುರಿಗೇ ಕೆಂಡದ ಒಲೆ. ಈ ಭಾಗಕ್ಕೂ ಇರಾನಿಗೂ ನಂಟು ಹಳೆಯದು. ದಕ್ಷಿಣ ಇರಾನಿನ ಬಸ್ತಕ್ ಕಡೆಯ ವ್ಯಾಪಾರಿಗಳು ಬಂದು ಇಲ್ಲಿ ಗಾಳಿಯನ್ನು ಹಿಡಿದು ಒಳಗೆ ತಂಪು ಇಳಿಸುವ ಗೋಪುರದ ಮನೆಗಳನ್ನು ಕಟ್ಟಿಕೊಂಡರು. ಅದಕ್ಕೇ ಆ ಕೇರಿಗೆ ಬಸ್ತಕಿಯಾ ಅಂತ ಹೆಸರು ಬಂತು. ಈಗ ಅಲ್ ಫಹೀದಿ ಅಂತಾರೆ.

ಊರಿಂದ ಯಾರೇ ಬರಲಿ, ನಾವು ಒಮ್ಮೆ ಆ ಅಂಗಡಿಗೆ ಕರೆದುಕೊಂಡು ಹೋಗುತ್ತೇವೆ. ಮೆನು ನೋಡಿ ಎಲ್ಲರೂ ಕೇಳುವುದು ಒಂದೇ ಪ್ರಶ್ನೆ: "ಇದರಲ್ಲಿ ಯಾವುದು ಒಳ್ಳೇದು?" ಎಷ್ಟೋ ಸಲ ತಿಂದು ನೋಡಿದ ಮೇಲೆ ನನಗೆ ಉತ್ತರ ಖಚಿತವಾಗಿದೆ. ಕೂಬಿದೆ. ಎಲ್ಲಕ್ಕಿಂತ ಕಡಿಮೆ ಬೆಲೆಯದ್ದೂ ಅದೇ.

ಕೂಬಿದೆ ಅಂದರೆ ಕುಟ್ಟಿದ್ದು. ಹಿಂದೆ ಮಾಂಸವನ್ನು ಕಲ್ಲಿನ ಮೇಲಿಟ್ಟು ಕುಟ್ಟುತ್ತಿದ್ದರು, ಈಗ ಕೀಮಾ ಯಂತ್ರ ಇದೆ. ಕುರಿ ಕೀಮಾ, ತುರಿದ ನೀರುಳ್ಳಿ, ಉಪ್ಪು, ಮೆಣಸು, ಅಷ್ಟೇ ಸಾಮಾನು. ನಮ್ಮ ಕಡೆಯ ಹಾಗೆ ಮಸಾಲೆ ಅರೆಯುವ ಮಾತೇ ಇಲ್ಲ. ಎಲ್ಲ ಇರುವುದು ಕೈಯಲ್ಲಿ. ಒಲೆಯ ಹತ್ತಿರದ ಮೇಜಿನಲ್ಲಿ ಕೂತರೆ ನೋಡಬಹುದು. ಅಡುಗೆಯವರು ಕೈ ಒದ್ದೆ ಮಾಡಿಕೊಂಡು ಒಂದು ಹಿಡಿ ಮಾಂಸವನ್ನು ಅಗಲವಾದ ಚಪ್ಪಟೆ ಸಲಾಕೆಗೆ ಮೆತ್ತುತ್ತಾರೆ. ಆಮೇಲೆ ಎರಡು ಬೆರಳಿನಿಂದ ಉದ್ದಕ್ಕೂ ಒತ್ತುತ್ತಾ ಹೋಗುತ್ತಾರೆ. ಆ ಬೆರಳಿನ ಗುರುತು ಬೆಂದ ಮೇಲೂ ಹಾಗೇ ಉಳಿದಿರುತ್ತದೆ. ಒಲೆಗೆ ಜಾಲರಿ ಇಲ್ಲ. ಸಲಾಕೆಯ ಎರಡು ತುದಿ ಮಾತ್ರ ಅಂಚಿನ ಮೇಲೆ ಕೂತಿರುತ್ತವೆ, ನಡುವೆ ಮಾಂಸ ಕೆಂಡದ ಮೇಲೆ ತೂಗುತ್ತದೆ. ನಾದಿದ್ದು ಸಾಲದಿದ್ದರೆ, ನೀರುಳ್ಳಿಯ ನೀರು ಸರಿಯಾಗಿ ಹಿಂಡದಿದ್ದರೆ ಸೀದಾ ಬೆಂಕಿಗೆ ಬೀಳುತ್ತದೆ. ಒಮ್ಮೆ ಮುಷ್ರಿಫ್ ಪಾರ್ಕಿನಲ್ಲಿ ನಾವೇ ಮಾಡಲು ಹೋಗಿ ಅರ್ಧ ಮಾಂಸ ಕೆಂಡದ ಪಾಲಾಯಿತು. ಅವತ್ತಿನಿಂದ ಆ ಅಡುಗೆಯವರ ಕೈಯ ಬಗ್ಗೆ ನನಗೆ ತುಂಬಾ ಗೌರವ.

ಬೆಂದ ಕೂಬಿದೆಯನ್ನು ತೆಳುವಾದ ಲವಾಶ್ ರೊಟ್ಟಿಯಲ್ಲಿ ಹಿಡಿದು ಎಳೆಯುತ್ತಾರೆ. ತಟ್ಟೆಯಲ್ಲಿ ಆ ರೊಟ್ಟಿಯೂ ಇರುತ್ತದೆ. ಕೊಬ್ಬು, ರಸ ಎಲ್ಲ ಅದಕ್ಕೆ ಇಳಿದಿರುತ್ತದೆ. ಅದನ್ನು ಬಿಡಬೇಡಿ.

ಇನ್ನು ಬರ್ಗ್. ಬರ್ಗ್ ಅಂದರೆ ಎಲೆ. ಕುರಿಯ ಮೆತ್ತನೆ ಭಾಗವನ್ನು ಎಲೆಯ ಹಾಗೆ ತೆಳ್ಳಗೆ ಹರಡಿ, ನೀರುಳ್ಳಿ ರಸದಲ್ಲಿ ನೆನೆಸಿ ಸುಡುತ್ತಾರೆ. ಬೆಲೆ ಹೆಚ್ಚುಕಡಿಮೆ ಕೂಬಿದೆಯ ದುಪ್ಪಟ್ಟು. ಮೊದಲ ಸಲ ತಿಂದಾಗ ಬಾಯಲ್ಲಿ ಕರಗಿತ್ತು, ಸುಳ್ಳು ಹೇಳಲಾರೆ. ಆಮೇಲೆ ಎರಡು ಸಲ ನಿರಾಸೆಯಾಯಿತು. ಒಂದು ಸಲ ಒಣಗಿತ್ತು. ಇನ್ನೊಂದು ಸಲ ಜಾಸ್ತಿ ನೆನೆದು, ಹಲ್ಲಿಗೆ ಮಾಂಸವೇ ಸಿಗದ ಹಾಗೆ ಮೆತ್ತಗಾಗಿತ್ತು. ನನಗೆ ಕಂಡ ಕಾರಣ ಇಷ್ಟು: ಚಿಕ್ಕ ಅಂಗಡಿಯಲ್ಲಿ ದುಬಾರಿ ಬರ್ಗ್ ಕೇಳುವವರು ಕಡಿಮೆ, ನೆನೆಸಿಟ್ಟ ಮಾಂಸ ಹಾಗೇ ಕಾಯುತ್ತಾ ಇರುತ್ತದೆ. ಕೂಬಿದೆ ನಿಮಿಷಕ್ಕೊಂದು ಹೋಗುವುದರಿಂದ ಯಾವಾಗಲೂ ತಾಜಾ. ಗಿರಾಕಿ ಜಾಸ್ತಿ ಇರುವ ದೊಡ್ಡ ಹೋಟೆಲಿನಲ್ಲಾದರೆ ನಾನೇ ಬರ್ಗ್ ತಗೊಳ್ಳಿ ಅನ್ನುತ್ತೇನೆ. ಎರಡೂ ನೋಡಬೇಕು ಅಂದರೆ ಸೊಲ್ತಾನಿ ಹೇಳಿ, ಒಂದು ಬರ್ಗ್, ಒಂದು ಕೂಬಿದೆ ಬರುತ್ತದೆ.

ಜೂಜೆ ಅಂದರೆ ಕೋಳಿಮರಿ. ಕೇಸರಿ, ನಿಂಬೆ, ನೀರುಳ್ಳಿ ಹಾಕಿ ನೆನೆಸಿದ ಕೋಳಿ. ನಮ್ಮ ಮಗಳಿಗೆ ಇದೇ ಬೇಕು. ಮೂಳೆ ಇರುವುದನ್ನೇ ಕೇಳಿ. ಮೂಳೆ ಇಲ್ಲದ ಎದೆಭಾಗ ಸ್ವಲ್ಪ ಹೊತ್ತು ಜಾಸ್ತಿಯಾದರೂ ಒಣಗುತ್ತದೆ. ಮೊಸರಿನಲ್ಲಿ ನೆನೆಸಿದ 'ಖಾಸ್' ಕಬಾಬ್ ಇಷ್ಟಪಡುವವರು ಬರ್ ದುಬೈಯ ಹಳೇ ಅಲ್ ಉಸ್ತಾದ್‌ಗೆ ಹೋಗಬೇಕು, 1978ರಿಂದ ನಡೆಯುತ್ತಿರುವ ಅಂಗಡಿ. ಮೊಸರಿನ ಹುಳಿ ಬೇರೆಯೇ ರುಚಿ, ಕೂಬಿದೆ ಜೊತೆ ಹೋಲಿಸುವುದು ಸರಿಯಲ್ಲ.

ಕಬಾಬ್ ಯಾವುದೇ ಇರಲಿ, ಅರ್ಧ ಮಾರ್ಕು ಅನ್ನಕ್ಕೆ ಕೊಡಬೇಕು. ಚೆಲೋ ಅಂತಾರೆ. ಉದ್ದ ಅಕ್ಕಿಯನ್ನು ನೆನೆಸಿ, ಅರೆಬೇಯಿಸಿ, ಬಸಿದು, ಮತ್ತೆ ಹಬೆಯಲ್ಲಿ ಇಡುತ್ತಾರೆ. ಒಂದು ಅಗುಳು ಇನ್ನೊಂದಕ್ಕೆ ಅಂಟುವುದಿಲ್ಲ. ಕುಚ್ಚಲಕ್ಕಿ ಉಂಡು ಬೆಳೆದ ನನಗೆ ಇದು ಹಗುರ ಅನಿಸಿದ್ದು ನಿಜ, ಆದರೆ ಬೆಣ್ಣೆ ಕರಗಿಸಿ, ಸುಟ್ಟ ಟೊಮೆಟೊ ಹಿಸುಕಿ, ಮೇಲೆ ಸುಮಾಕ್ ಪುಡಿ ಉದುರಿಸಿ ತಿಂದರೆ ಮಾತೇ ಬೇರೆ. ಸುಮಾಕ್ ಅಂದರೆ ಕೆಂಪು ಹುಳಿ ಪುಡಿ. ಒಣಗಿದ ಪುನರ್ಪುಳಿಯನ್ನು ಪುಡಿ ಮಾಡಿದ ಹಾಗೆ ಅಂದುಕೊಳ್ಳಿ. ಕುಡಿಯಲು ದೂಗ್ ಹೇಳಿ. ಪುದೀನ ಹಾಕಿದ ಉಪ್ಪು ಮಜ್ಜಿಗೆ ಅದು, ನಮ್ಮವರಿಗೆ ಹೊಸದೇನಲ್ಲ.

ಮನೆಗೆ ತರಿಸಿಯೂ ನೋಡಿದ್ದೇವೆ, ಮೂರು ಸಲ. ಮುಚ್ಚಿದ ಡಬ್ಬಿಯಲ್ಲಿ ಹಬೆ ಕಟ್ಟಿ ಕಬಾಬಿನ ಸುಟ್ಟ ಅಂಚು ಮೆತ್ತಗಾಗುತ್ತದೆ, ಅನ್ನ ಮುದ್ದೆಯಾಗುತ್ತದೆ. ಜೂಜೆ ಹೇಗೋ ತಡೆದುಕೊಂಡಿತು, ಕೂಬಿದೆ ತಡೆಯಲಿಲ್ಲ. ಸಲಾಕೆಯಿಂದ ಇಳಿದ ಐದು ನಿಮಿಷದಲ್ಲೇ ತಿನ್ನಬೇಕಾದ್ದು ಅದು. ಅಲ್ಲಿ ಕೂತರೆ ತಟ್ಟೆ ಇಡುವಾಗ "ನೂಶೆ ಜಾನ್" ಅಂತಾರೆ, ಜೀವಕ್ಕೆ ಹಿತವಾಗಲಿ ಅಂತ. ಡಬ್ಬಿಯಲ್ಲಿ ಅದೂ ಬರುವುದಿಲ್ಲ, ಅಲ್ವಾ?

ಈಗ ನಾವು ಮೂವರು ಹೋದರೆ ಎರಡು ಕೂಬಿದೆ, ಒಂದು ಮೂಳೆ ಜೂಜೆ, ಒಂದು ಜಗ್ಗು ದೂಗ್. ಜೊತೆಗೆ ತಹ್‌ದೀಗ್ ಇದೆಯಾ ಅಂತ ಕೇಳುತ್ತೇವೆ. ಪಾತ್ರೆಯ ತಳದಲ್ಲಿ ಹೊಂಬಣ್ಣಕ್ಕೆ ಗರಿಗರಿಯಾದ ಅನ್ನ ಅದು. ನಮ್ಮ ಮನೆಯಲ್ಲಿ ಅನ್ನ ತಳ ಹಿಡಿದರೆ ಬೈಗುಳ, ಅಲ್ಲಿ ಅದಕ್ಕೇ ಜಗಳ. ಭಾನುವಾರ ಹೋಗುವುದಾದರೆ ಮಧ್ಯಾಹ್ನ ಒಂದು ಗಂಟೆಯೊಳಗೆ ಹೋಗಿ, ಆಮೇಲೆ ಸಿಗುವುದಿಲ್ಲ.