ಚಂದಾ ನಿಲ್ಲಿಸಿ ಮೂರು ಮಳೆಗಾಲ: ಲೈಟ್‌ರೂಮ್‌ನಲ್ಲಿದ್ದ ನನ್ನ ಯಕ್ಷಗಾನದ ಫೋಟೊಗಳು ಏನಾದವು?

ಯಕ್ಷಗಾನ ಮೇಳಗಳು ತಿರುಗಾಟ ಮುಗಿಸುವ ಪತ್ತನಾಜೆ ದಿನ ಕಳೆದರೆ ನನ್ನ ಕ್ಯಾಮೆರಾಗೂ ರಜೆ. ನಾನು ತೆಗೆಯುವುದು ಯಕ್ಷಗಾನದ ಫೋಟೊ ಮಾತ್ರ. ನವೆಂಬರ್‌ನಿಂದ ಮೇ ಕೊನೆಯವರೆಗೆ ಮೇಳಗಳ ತಿರುಗಾಟ ಇರುತ್ತದೆ. ಆಮೇಲೆ ನಮ್ಮ ಕರಾವಳಿಯ ಮಳೆ. ಐದಾರು ತಿಂಗಳು ಕ್ಯಾಮೆರಾ ಸಿಲಿಕಾ ಜೆಲ್ ಜೊತೆ ಡಬ್ಬಿಯಲ್ಲಿ ಮಲಗಿರುತ್ತದೆ. ಆದರೆ ಫೋಟೊ ಜೋಡಿಸಿ ತಿದ್ದುವ ಅಡೋಬಿ ಕಂಪನಿಯ ತಂತ್ರಾಂಶ ಲೈಟ್‌ರೂಮ್ ಕ್ಲಾಸಿಕ್‌ಗೆ ಚಂದಾ ಹನ್ನೆರಡು ತಿಂಗಳೂ ಕಟ್ಟಬೇಕು. ನಾನು ಸಹಕಾರಿ ಸೊಸೈಟಿಯಲ್ಲಿ ಕೆಲಸ ಮಾಡುವವನು, ಫೋಟೊದಿಂದ ಒಂದು ರೂಪಾಯಿ ಸಂಪಾದನೆ ಇಲ್ಲ. ವರ್ಷದ ಚಂದಾ ದುಡ್ಡಿಗೆ 2 ಟಿಬಿಯ ಒಂದು ಹಾರ್ಡ್‌ಡಿಸ್ಕ್ ಬರುತ್ತದೆ. ನನಗೆ ಹಾರ್ಡ್‌ಡಿಸ್ಕ್ ಜಾಸ್ತಿ ಮುಖ್ಯ.

ಮೊದಲು ಹೀಗಿರಲಿಲ್ಲ. 2015ರಲ್ಲಿ ಬಂದ ಲೈಟ್‌ರೂಮ್ 6 ಅನ್ನು ಒಂದೇ ಸಲ ದುಡ್ಡು ಕೊಟ್ಟು ಕೊಂಡಿದ್ದೆ. ಹಾಗೆ ಕೊಳ್ಳಬಹುದಾಗಿದ್ದ ಕೊನೆಯ ಆವೃತ್ತಿ ಅದು. 2017ರ ಡಿಸೆಂಬರ್‌ನಲ್ಲಿ 6.14 ಬಂದ ಮೇಲೆ ಅದಕ್ಕೆ ಹೊಸ ಅಪ್‌ಡೇಟ್ ಇಲ್ಲ. ಮರುವರ್ಷ ನಾನು ಹೊಸ ಕ್ಯಾಮೆರಾ ಕೊಂಡಾಗ ಅದರ ರಾ ಫೈಲ್, ಅಂದರೆ ಕ್ಯಾಮೆರಾ ಕೊಡುವ ಮೂಲ ಫೈಲ್, ಹಳೆಯ ಲೈಟ್‌ರೂಮ್‌ಗೆ ಗೊತ್ತಿರಲಿಲ್ಲ. ಹಾಗೆ ಚಂದಾಕ್ಕೆ ಬಂದೆ. ಐದು ವರ್ಷ ಕಟ್ಟಿದೆ. 2023ರ ಪತ್ತನಾಜೆಗೆ ನಿಲ್ಲಿಸಿದೆ.

ನಿಲ್ಲಿಸುವ ಮೊದಲು ಎಷ್ಟು ಹೆದರಿದ್ದೆ ಅಂದರೆ, ಎರಡು ವರ್ಷ ಅದನ್ನೇ ಯೋಚಿಸಿ ಯೋಚಿಸಿ ಮುಂದೂಡಿದ್ದೆ. "ನಿಲ್ಸಿದ್ರೆ ಎಲ್ಲ ಹೋಯ್ತು ಅಂತ ತಿಳ್ಕೊ" ಎಂದು ಫೋಟೊ ತೆಗೆಯುವ ಗೆಳೆಯ ಹೇಳಿದ್ದ. ಅವನ ಮಾತಿನಲ್ಲಿ ಸ್ವಲ್ಪ ನಿಜ ಇತ್ತು. ಲೈಟ್‌ರೂಮ್ ನಮ್ಮ ರಾ ಫೈಲನ್ನು ಮುಟ್ಟುವುದಿಲ್ಲ. ನಾವು ಬೆಳಕು ಏರಿಸಿದ್ದು, ಬಣ್ಣ ತಿದ್ದಿದ್ದು, ಅಂಚು ಕತ್ತರಿಸಿದ್ದು ಎಲ್ಲವನ್ನೂ ಕ್ಯಾಟಲಾಗ್ ಎಂಬ ಒಂದು ಫೈಲಿನಲ್ಲಿ ಲೆಕ್ಕದ ಹಾಗೆ ಬರೆದಿಡುತ್ತದೆ. ಫೋಲ್ಡರ್ ತೆರೆದು ನೋಡಿದರೆ ಕಾಣುವುದು ಮಂಕಾದ ಮೂಲ ಫೋಟೊ ಮಾತ್ರ. ರಾತ್ರಿಯ ಬಯಲಾಟದಲ್ಲಿ ಒಂದು ಕಡೆ ಹಳದಿ ಲೈಟು, ಇನ್ನೊಂದು ಕಡೆ ಟ್ಯೂಬ್‌ಲೈಟು. ವೇಷದ ಮುಖ ಅರ್ಧ ಹಸಿರು, ಅರ್ಧ ಕಿತ್ತಳೆ ಆಗಿರುತ್ತದೆ. ಅದನ್ನು ಸರಿ ಮಾಡಲು ಒಂದೊಂದು ಫೋಟೊಗೆ ಕಾಲು ಗಂಟೆ ಕೊಟ್ಟಿದ್ದೇನೆ. ಆ ಕಾಲು ಗಂಟೆಗಳೆಲ್ಲ ಆ ಕ್ಯಾಟಲಾಗ್‌ನಲ್ಲಿವೆ.

ಅದಕ್ಕೆ ಚಂದಾ ಮುಗಿಯಲು ಒಂದು ತಿಂಗಳು ಇರುವಾಗಲೇ ತಯಾರಿ ಶುರು ಮಾಡಿದೆ. ನನ್ನ ಹತ್ತಿರ 41,000 ಫೋಟೊ ಇದ್ದವು. ಎಲ್ಲ ಆರಿಸಿ ಕಂಟ್ರೋಲ್ ಎಸ್ ಒತ್ತಿದೆ. ಆಗ ಪ್ರತಿ ರಾ ಫೈಲಿನ ಪಕ್ಕ ಎಕ್ಸ್ಎಂಪಿ ಎಂಬ ಪುಟ್ಟ ಫೈಲು ಹುಟ್ಟುತ್ತದೆ. ಮಾಡಿದ ತಿದ್ದುಪಡಿ, ಕೊಟ್ಟ ನಕ್ಷತ್ರ, ಬರೆದ ಕೀವರ್ಡ್ ಅದರಲ್ಲಿರುತ್ತವೆ. ಆಮೇಲೆ ಮೂರು ನಕ್ಷತ್ರಕ್ಕಿಂತ ಮೇಲಿನ 6,200 ಫೋಟೊಗಳನ್ನು ಪೂರ್ತಿ ಅಳತೆಯ ಜೆಪೆಗ್ ಮಾಡಿಟ್ಟೆ. ನನ್ನ ಹಳೆಯ ಲ್ಯಾಪ್‌ಟಾಪ್‌ಗೆ ಅದು ಎರಡು ರಾತ್ರಿಯ ಕೆಲಸ ಆಯಿತು. ಕ್ಯಾಟಲಾಗ್‌ನ ಪ್ರತಿಯನ್ನು ಎರಡು ಡಿಸ್ಕ್‌ಗೆ ಹಾಕಿದೆ. ಒಂದನ್ನು ಅಕ್ಕನ ಮನೆಯಲ್ಲಿಟ್ಟೆ.

ಚಂದಾ ಮುಗಿದ ಮರುದಿನ ಬೆಳಿಗ್ಗೆ ಕಾಫಿ ಲೋಟ ಹಿಡಿದು ಲ್ಯಾಪ್‌ಟಾಪ್ ಎದುರು ಕುಳಿತದ್ದು ಇನ್ನೂ ನೆನಪಿದೆ. ತೆರೆಯುವುದಿಲ್ಲ ಎಂದೇ ಅಂದುಕೊಂಡಿದ್ದೆ. ತೆರೆಯಿತು!

ಲೈಬ್ರರಿ ಪೂರ್ತಿ ಇತ್ತು. ಎಲ್ಲ ಫೋಲ್ಡರ್, ಎಲ್ಲ ನಕ್ಷತ್ರ, ಎಲ್ಲ ಕೀವರ್ಡ್. ತಿದ್ದಿದ ಫೋಟೊಗಳು ತಿದ್ದಿದ ಬಣ್ಣದಲ್ಲೇ ಕಂಡವು. ಒಂದನ್ನು ಎಕ್ಸ್‌ಪೋರ್ಟ್ ಮಾಡಿ ನೋಡಿದೆ, ಅದೂ ಬಂತು, ನಾನು ತಿದ್ದಿದ ಹಾಗೆಯೇ. ಹೊಸ ಫೋಟೊ ಒಳಗೆ ತರಬಹುದು, ಹೆಸರು ಬರೆಯಬಹುದು, ಪ್ರಿಂಟ್ ತೆಗೆಯಬಹುದು. ಕೆಲಸ ಮಾಡದೆ ಇರುವುದು ಫೋಟೊ ತಿದ್ದುವ ಡೆವಲಪ್ ಮತ್ತು ತೆಗೆದ ಜಾಗ ನಕ್ಷೆಯಲ್ಲಿ ತೋರಿಸುವ ಮ್ಯಾಪ್. ಫೋನ್ ಜೊತೆಗಿನ ಸಿಂಕ್ ಕೂಡ ನಿಂತಿತು. ಆಟದ ಭಾಷೆಯಲ್ಲಿ ಹೇಳುವುದಾದರೆ, ಬೀಗ ಬಿದ್ದದ್ದು ಬಣ್ಣ ಹಚ್ಚುವ ಚೌಕಿಗೆ. ವೇಷಭೂಷಣದ ಪೆಟ್ಟಿಗೆಗಳೆಲ್ಲ ನನ್ನ ಮನೆಯಲ್ಲೇ ಉಳಿದವು. ಇದನ್ನು ಅಡೋಬಿಯವರೇ ವರ್ಷಗಳ ಹಿಂದೆ ಹೇಳಿದ್ದಾರೆ. ನಾನು ಓದಿರಲಿಲ್ಲ, ಅಷ್ಟೇ. ಎರಡು ವರ್ಷ ಸುಮ್ನೆ ಹೆದರಿದ್ದೆನಲ್ಲ ಅನಿಸಿತು.

ಆಮೇಲಿನ ಮಳೆಗಾಲಗಳು ನನಗೆ ತುಂಬಾ ಇಷ್ಟವಾಗಿವೆ. ಚಂದಾ ಕಟ್ಟುವಾಗ ದುಡ್ಡು ಕೊಟ್ಟಿದ್ದೇನೆ ಎಂದು ಯಾವಾಗಲೂ ಡೆವಲಪ್‌ನಲ್ಲೇ ಇರುತ್ತಿದ್ದೆ. ಈಗ ತಿದ್ದಲು ಆಗುವುದಿಲ್ಲ, ಹಾಗಾಗಿ ನೋಡುತ್ತೇನೆ. ಸಂಜೆ ಏಳಕ್ಕೆ ಊಟಕ್ಕೆ ಮೊದಲು ಒಂದು ಗಂಟೆ. ಹೊರಗೆ ಮಳೆ, ಒಮ್ಮೊಮ್ಮೆ ಕರೆಂಟ್ ಇಲ್ಲ, ಲ್ಯಾಪ್‌ಟಾಪ್ ಬ್ಯಾಟರಿ ಮಾತ್ರ. ಒಂದು ರಾತ್ರಿಯ ಆಟ ತೆರೆಯುತ್ತೇನೆ. ಜಿ ಒತ್ತಿದರೆ ಎಲ್ಲ ಸಾಲಾಗಿ ಕಾಣುತ್ತವೆ, ಇ ಒತ್ತಿದರೆ ಒಂದೇ ದೊಡ್ಡದಾಗಿ. ಕಲಾವಿದರ ಹೆಸರು, ಪಾತ್ರ, ಊರು, ಭಾಗವತರು ಯಾರು, ಮದ್ದಳೆ ಯಾರು, ಚೆಂಡೆ ಯಾರು ಎಂದು ಬರೆಯುತ್ತೇನೆ. ನೆನಪಾಗದಿದ್ದರೆ ಆ ರಾತ್ರಿ ಜೊತೆಗಿದ್ದವರಿಗೆ ಫೋನ್ ಮಾಡುತ್ತೇನೆ. ಎರಡು ನಿಮಿಷದ ಮಾತು ಅರ್ಧ ಗಂಟೆ ಆಗುತ್ತದೆ. ರಾಕ್ಷಸ ಪಾತ್ರ ಮಾಡುವ ಬಣ್ಣದ ವೇಷದವರು ಮುಖದ ಮೇಲೆ ಚುಟ್ಟಿ ಇಡುವ ಸರಣಿ ಒಂದಿದೆ. ಅಕ್ಕಿ ಹಿಟ್ಟು, ಸುಣ್ಣ ಕಲಸಿದ ಬಿಳಿ ಚುಕ್ಕಿ ಒಂದೊಂದಾಗಿ ಏರುವುದನ್ನು ಸಾಲಾಗಿ ತೆಗೆದಿದ್ದೆ. ಅದನ್ನು ನಾನು ಪೂರ್ತಿ ನೋಡಿದ್ದೇ ಚಂದಾ ನಿಲ್ಲಿಸಿದ ಮೇಲೆ.

ಆದರೆ ಒಂದು ದಿನ ಎದೆ ಧಸಕ್ಕೆಂದಿತು. ತಿದ್ದುವುದಕ್ಕೆ ಬೇರೆ ತಂತ್ರಾಂಶ ಬೇಕಲ್ವಾ? 2009ರಿಂದ ಸ್ವಯಂಸೇವಕರು ಕಟ್ಟಿ ಬೆಳೆಸುತ್ತಿರುವ ಡಾರ್ಕ್‌ಟೇಬಲ್ ಹಾಕಿಕೊಂಡೆ. ದುಡ್ಡು ಕೊಡಬೇಕಾಗಿಲ್ಲ. ಹಳೆಯ ಫೋಲ್ಡರ್ ಅದರಲ್ಲಿ ತೆರೆದಾಗ ನಕ್ಷತ್ರ ಬಂದಿತ್ತು, ಕೀವರ್ಡ್ ಬಂದಿತ್ತು, ಕತ್ತರಿಸಿದ ಅಂಚು ಕೂಡ ಬಂದಿತ್ತು. ಬಣ್ಣ ಹತ್ತಿರ ಹತ್ತಿರ ಇತ್ತು, ಅದೇ ಅಲ್ಲ. ಲೈಟ್‌ರೂಮ್‌ನಲ್ಲಿ ಮುಖಕ್ಕೆ ಮಾತ್ರ ಹಾಕಿದ್ದ ಮಾಸ್ಕ್‌ಗಳು ಬರಲಿಲ್ಲ. ಇದನ್ನೆಲ್ಲ ನಿರೀಕ್ಷಿಸಿದ್ದೆ. ಆದರೆ ನನ್ನ ಚೌಕಿಯ ಕಪ್ಪು ಬಿಳುಪು ಫೋಟೊಗಳು ಒಂದೂ ಇರಲಿಲ್ಲ.

ಅವೆಲ್ಲ ವರ್ಚುವಲ್ ಕಾಪಿಗಳು. ಒಂದೇ ರಾ ಫೈಲಿಗೆ ಬಣ್ಣದ್ದೊಂದು, ಕಪ್ಪು ಬಿಳುಪಿನದ್ದೊಂದು ಎಂದು ನಾನು ಮಾಡಿಕೊಂಡದ್ದು. ಎಕ್ಸ್ಎಂಪಿಗೆ ಹೋಗುವುದು ಮೂಲದ್ದು ಮಾತ್ರ. ವರ್ಚುವಲ್ ಕಾಪಿ ಇರುವುದು ಕ್ಯಾಟಲಾಗ್ ಒಳಗೆ, ಬೇರೆಲ್ಲೂ ಇಲ್ಲ. ಫೋಟೊಗಳನ್ನು ಗುಂಪು ಮಾಡಿಟ್ಟ ಕಲೆಕ್ಷನ್‌ಗಳೂ ಹಾಗೆಯೇ. ಆ ಕಪ್ಪು ಬಿಳುಪು ಕಾಪಿಗಳಿಗೆ ನಾನು ನಕ್ಷತ್ರ ಕೊಟ್ಟಿರಲಿಲ್ಲ, ಹಾಗಾಗಿ ಆ ಎರಡು ರಾತ್ರಿಯ ಜೆಪೆಗ್ ರಾಶಿಯಲ್ಲೂ ಸೇರಿರಲಿಲ್ಲ. ತಪ್ಪು ನನ್ನದೇ. ಲೈಟ್‌ರೂಮನ್ನು ಅಳಿಸಿ ಕ್ಯಾಟಲಾಗ್ ಎಸೆದಿದ್ದರೆ ಅಷ್ಟೂ ಹೋಗುತ್ತಿದ್ದವು. ಇದನ್ನು ಬರೆಯುತ್ತಿರುವುದೇ ಮುಖ್ಯವಾಗಿ ಇದಕ್ಕಾಗಿ.

ನನ್ನ ಪುಣ್ಯಕ್ಕೆ ಅಳಿಸಿರಲಿಲ್ಲ. ಬೀಗ ಬಿದ್ದ ಅದೇ ಲೈಟ್‌ರೂಮ್ ತೆರೆದೆ. ಲೈಬ್ರರಿ ಫಿಲ್ಟರ್‌ನಲ್ಲಿ ಆಟ್ರಿಬ್ಯೂಟ್ ಒತ್ತಿದರೆ ಬಲಗಡೆ ವರ್ಚುವಲ್ ಕಾಪಿಗಳನ್ನು ಮಾತ್ರ ತೋರಿಸುವ ಪುಟ್ಟ ಗುರುತು ಇದೆ. ಒತ್ತಿದೆ. 312 ಬಂದವು. ಎಲ್ಲವನ್ನೂ 16 ಬಿಟ್ ಟಿಫ್ ಮಾಡಿ ಹೊರಗೆ ತೆಗೆದೆ. 24 ಮೆಗಾಪಿಕ್ಸೆಲ್ ಫೋಟೊ ಹೀಗೆ ಮಾಡಿದರೆ ಒಂದೊಂದೂ 140 ಎಂಬಿ ದಾಟುತ್ತದೆ. ಒಟ್ಟು 40 ಜಿಬಿ ಮೀರಿತು. ಇರಲಿ. ಕಲೆಕ್ಷನ್‌ಗಳಿಗೆ ಬೇರೆ ದಾರಿ ಮಾಡಿದೆ. ಪ್ರತಿ ಕಲೆಕ್ಷನ್ ತೆರೆದು, ಅದರಲ್ಲಿದ್ದ ಫೋಟೊಗಳಿಗೆಲ್ಲ ಅದೇ ಹೆಸರಿನ ಕೀವರ್ಡ್ ಹಾಕಿ, ಮತ್ತೆ ಕಂಟ್ರೋಲ್ ಎಸ್. ಕೀವರ್ಡ್ ಎಕ್ಸ್ಎಂಪಿಗೆ ಹೋಗುತ್ತದೆ, ಹಾಗಾಗಿ ಎಲ್ಲಿ ತೆರೆದರೂ ಗುಂಪು ಸಿಗುತ್ತದೆ.

ಡಾರ್ಕ್‌ಟೇಬಲ್ ಬಗ್ಗೆ ಜಾಸ್ತಿ ಬರೆಯುವುದಿಲ್ಲ. ಬಣ್ಣದ ವೇಷದ ಕೆಂಪು ಸರಿಯಾಗಿ ತರಲು ನನಗೆ ಒಂದು ಸೀಸನ್ ಬೇಕಾಯಿತು. ಈಗ ಬೆಳಕು ಬಣ್ಣ ಹದ ಮಾಡುವ ಸಿಗ್ಮಾಯ್ಡ್ ಎಂಬ ಮಾಡ್ಯೂಲ್ ಇಟ್ಟುಕೊಂಡು ಬೇಗ ಬರುತ್ತದೆ. ಅದರಲ್ಲಿ ನನಗೆ ತುಂಬಾ ಹಿಡಿಸಿದ್ದು ಏನೆಂದರೆ, ಒಂದು ಫೋಟೊಗೆ ಇನ್ನೊಂದು ರೂಪ ಮಾಡಿದರೆ ಅದಕ್ಕೂ ಬೇರೆಯೇ ಎಕ್ಸ್ಎಂಪಿ ಫೈಲು ಫೋಲ್ಡರ್‌ನಲ್ಲಿ ಬಂದು ಕೂರುತ್ತದೆ. ಕಣ್ಣಿಗೆ ಕಾಣುತ್ತದೆ. ಕಳೆದ ಎರಡು ತಿರುಗಾಟದ ಫೋಟೊಗಳನ್ನೆಲ್ಲ ಅದರಲ್ಲೇ ಮಾಡಿದ್ದೇನೆ. ಅದರ ಫೈಲಿನ ಹೆಸರಿನಲ್ಲಿ ರಾ ಫೈಲಿನ ಬಾಲವೂ (ಎಕ್ಸ್‌ಟೆನ್ಶನ್) ಸೇರಿರುತ್ತದೆ, ಹಾಗಾಗಿ ಲೈಟ್‌ರೂಮ್‌ನ ಎಕ್ಸ್ಎಂಪಿ ಮೇಲೆ ಬರೆಯುವುದಿಲ್ಲ. ಎರಡೂ ಪಕ್ಕಪಕ್ಕ ಇರುತ್ತವೆ.

ನಾನು ಹೇಳಿದ್ದೆಲ್ಲ ಕ್ಲಾಸಿಕ್ ಬಗ್ಗೆ, ಫೋಟೊಗಳು ನಿಮ್ಮ ಡಿಸ್ಕ್‌ನಲ್ಲೇ ಇರುವ ಲೈಟ್‌ರೂಮ್ ಬಗ್ಗೆ. ಕ್ಲಾಸಿಕ್ ಎಂಬ ಹೆಸರಿಲ್ಲದ ಇನ್ನೊಂದು ಲೈಟ್‌ರೂಮ್‌ನಲ್ಲಿ ಮೂಲ ಫೋಟೊಗಳು ಅಡೋಬಿಯ ಕ್ಲೌಡ್‌ಗೆ ಹೋಗುತ್ತವೆ. ಅದರಲ್ಲಿ ಚಂದಾ ಮುಗಿದ ಮೇಲೆ ಒಂದು ವರ್ಷ ಇಟ್ಟುಕೊಂಡಿರುತ್ತಾರೆ, ಅಷ್ಟರೊಳಗೆ ಇಳಿಸಿಕೊಳ್ಳಬೇಕು. ಫೋನಿನಲ್ಲಿ ತೆಗೆದು ಅದರಲ್ಲೇ ಇಟ್ಟವರು ದಯವಿಟ್ಟು ಮೊದಲು ಇಳಿಸಿಕೊಳ್ಳಿ, ಆಮೇಲೆ ನಿಲ್ಲಿಸಿ. ಕ್ಲಾಸಿಕ್‌ನಲ್ಲೂ ಡಿಸ್ಕ್ ಜೋಡಿಸದೆ ಪ್ರಯೋಜನ ಇಲ್ಲ. ಪ್ರಿವ್ಯೂ ಕಾಣುತ್ತದೆ, ಆದರೆ ಪೂರ್ತಿ ಅಳತೆಗೆ ಎಕ್ಸ್‌ಪೋರ್ಟ್ ಆಗಲು ಮೂಲ ಫೈಲ್ ಬೇಕೇ ಬೇಕು.

ಮದುವೆ ಫೋಟೊ ತೆಗೆದು ಜೀವನ ಮಾಡುವವರಿಗೆ ನಿಲ್ಲಿಸಿ ಎಂದು ನಾನು ಹೇಳುವುದಿಲ್ಲ. ವಾರಕ್ಕೆ ಎರಡು ಸಾವಿರ ಫೋಟೊ ತಿದ್ದುವವರಿಗೆ ಡೆವಲಪ್‌ನ ವೇಗ ಬೇಕು, ಚಂದಾ ಅವರಿಗೆ ದುಬಾರಿಯೂ ಅಲ್ಲ. ವರ್ಷದಲ್ಲಿ ಅರ್ಧದಷ್ಟು ತಿಂಗಳು ಸುಮ್ಮನಿರುವ ನನ್ನಂಥವರಿಗೆ ಮಾತ್ರ ಈ ದಾರಿ ಸರಿ.

ಕಳೆದ ತಿಂಗಳು ಒಬ್ಬ ಹಿರಿಯ ಕಲಾವಿದರು ಫೋನ್ ಮಾಡಿದ್ದರು. ಈಗ ವೇಷ ಮಾಡುವುದಿಲ್ಲ. ಅವರಿಗೆ ಸನ್ಮಾನ ಇತ್ತು, ಆಮಂತ್ರಣಕ್ಕೆ ಫೋಟೊ ಬೇಕಿತ್ತು. "ಮಾರಾಯ್ರೆ, ನೀವೊಂದು ಅಭಿಮನ್ಯು ಫೋಟೊ ತೆಗ್ದಿದ್ರಿ, ಕೋಟದ ಹತ್ರ. ಸಿಗಬಹುದಾ?" ಎಂದರು. ಯಾವ ವರ್ಷ ಎಂದು ಅವರಿಗೂ ನೆನಪಿಲ್ಲ, ನನಗೂ ನೆನಪಿಲ್ಲ. ಫೋನ್ ಕಿವಿಗೆ ಇಟ್ಟುಕೊಂಡೇ ಲೈಟ್‌ರೂಮ್ ತೆರೆದು ಅವರ ಹೆಸರು, ಅಭಿಮನ್ಯು, ಕೋಟ ಎಂದು ಹಾಕಿದೆ. 2016ರ ಫೆಬ್ರವರಿಯ ಹನ್ನೊಂದು ಫೋಟೊ ಬಂದವು. ನಾಲ್ಕು ನಕ್ಷತ್ರದ್ದು ಒಂದು ಇತ್ತು. ಎಕ್ಸ್‌ಪೋರ್ಟ್ ಮಾಡಿ, ಬಣ್ಣ ಕೆಡದ ಹಾಗೆ ವಾಟ್ಸಾಪ್‌ನಲ್ಲಿ ಡಾಕ್ಯುಮೆಂಟ್ ಆಗಿ ಕಳಿಸಿದೆ.

ಸ್ವಲ್ಪ ಹೊತ್ತು ಬಿಟ್ಟು ಅವರೇ ಮತ್ತೆ ಫೋನ್ ಮಾಡಿದರು. "ಬಂತು ಮಾರಾಯ್ರೆ. ತಲೆಗೆ ಕಟ್ಟಿದ ಆ ಕೇದಗೆ ಮುಂದಲೆ ಇದೆಯಲ್ಲ, ಅದು ನಾನೇ ಕಟ್ಟಿದ್ದು. ಆವತ್ತು ಚೌಕಿಯಲ್ಲಿ ಎರಡು ಸಲ ಬಿಚ್ಚಿ ಕಟ್ಟಿದ್ದೆ" ಎಂದರು.