ಗೇರುಬೀಜದ ಸೊನೆ ಮತ್ತು ಉಡುಪಿಯ ಒಂದು ಚರ್ಮದ ಕ್ಲಿನಿಕ್

ಕಾಯಿಸಿ ಸಾಯಿಸ್ತಾರೆ. ಆದರೆ ಒಳಗೆ ಹೋದ ಮೇಲೆ ಡಾಕ್ಟರಿಗೆ ಗಡಿಬಿಡಿ ಇಲ್ಲ. ಆ ಒಂದು ಕಾರಣಕ್ಕೆ ಈ ಕ್ಲಿನಿಕ್‌ಗೆ 5ರಲ್ಲಿ 4 ಸ್ಟಾರ್.

ನನ್ನದು ಸಣ್ಣ ಕೇಟರಿಂಗ್. ಬೇಸಿಗೆ ಮದುವೆಗಳಿಗೆ ತೊಂಡೆಕಾಯಿ, ಎಳೆ ಗೇರುಬೀಜದ ಉಪ್ಪುಕರಿ ಬೇಕೇ ಬೇಕು. ಬೀಜ ಸೀಳುವಾಗ ಕೈಗೆ ತೆಂಗಿನೆಣ್ಣೆ ಹಚ್ಚಿಕೊಳ್ಳುವುದು ರೂಢಿ. ಈ ಸಲ ಅದು ಸಾಲಲಿಲ್ಲ. ಬೆರಳ ಸಂದಿಯಲ್ಲಿ ಗುಳ್ಳೆ ಎದ್ದು, ಚರ್ಮ ಕಪ್ಪಾಗಿ ಸುಲಿಯತೊಡಗಿತು.

ಡಾಕ್ಟರ್ ಲೆನ್ಸ್ ಹಿಡಿದು ಒಂದೊಂದೇ ಬೆರಳು ನೋಡಿದರು. "ಸೊನೆ ತಾಗಿದ ಕೂಡ್ಲೇ ಉರಿಯಿತಾ, ಎರಡು ದಿನ ಬಿಟ್ಟು ತುರಿಸಿತಾ?" ಅಂತ ಕೇಳಿದರು. ಕೂಡ್ಲೇ ಉರಿದರೆ ಸುಟ್ಟದ್ದು, ಒಂದೆರಡು ದಿನ ಬಿಟ್ಟು ತುರಿಸಿದರೆ ಹೆಚ್ಚಾಗಿ ಅಲರ್ಜಿ. ನನಗೆ ಎರಡೂ ಇತ್ತು. ಸೊನೆಯಲ್ಲಿರುವ ಅನಕಾರ್ಡಿಕ್ ಆಸಿಡ್, ಕಾರ್ಡಾಲ್ ತಾಗಿ ಮೇಲ್ಪದರದ ಜೀವಕೋಶ ಒಡೆದರೆ, ಅದರೊಳಗೆ ಮೊದಲೇ ಕೂಡಿಟ್ಟಿದ್ದ ಇಂಟರ್‌ಲ್ಯೂಕಿನ್-1 ಎಂಬ ಅಪಾಯ ಸಾರುವ ಪ್ರೋಟೀನ್ ಹೊರಗೆ ಬರುತ್ತದಂತೆ. ಅದೇ ಕೋಶ ಹಾಕುವ ಕೂಗು! ಅಕ್ಕಪಕ್ಕದ ಕೋಶಗಳೂ ಎಚ್ಚರಾಗುತ್ತವೆ, ರಕ್ತನಾಳ ಹಿಗ್ಗುತ್ತದೆ, ಕೆಂಪಾಗಿ ಊದುತ್ತದೆ. ಸೊನೆಯ ಗುರುತು ಇಟ್ಟುಕೊಂಡ ಟಿ-ಕೋಶಗಳು (ರೋಗದ ವಿರುದ್ಧ ಹೋರಾಡುವ ಬಿಳಿ ರಕ್ತಕಣಗಳು) ಮುಂದಿನ ಸಲವೂ ಮೇಲೆ ಬೀಳುತ್ತವೆ. ಮಾವು ಕೂಡ ಗೇರಿನ ಕುಟುಂಬವೇ, ಮಾವಿನಕಾಯಿ ಸೊನೆಯೂ ಜೋಪಾನ ಎಂದರು. ಮೇ ತಿಂಗಳಲ್ಲಿ, ಉಡುಪಿಯಲ್ಲಿ, ಅಡುಗೆಯವಳಿಗೆ!

ಆಮೇಲೆ ನಿದ್ದೆ ಎಷ್ಟು ಎಂದು ಕೇಳಿದರು. ಕೈ ತುರಿಕೆಗೂ ನಿದ್ದೆಗೂ ಏನು ಸಂಬಂಧ? ಇದೆಯಂತೆ. ನಿದ್ದೆ ಕೆಟ್ಟು ಟೆನ್ಶನ್ ಜಾಸ್ತಿಯಾದರೆ ಕಾರ್ಟಿಸಾಲ್ ಎಂಬ ಒತ್ತಡದ ಹಾರ್ಮೋನ್ ಏರುತ್ತದೆ. ಆಗ ಚರ್ಮದ ಕೋಶಗಳು ಮೇಲ್ಪದರವನ್ನು ಬಿಗಿಯಾಗಿಡುವ ಕೊಬ್ಬನ್ನು ತಯಾರಿಸುವುದು ನಿಧಾನವಾಗುತ್ತದೆ. ಉಳಿದ ಕೊಬ್ಬನ್ನು ಪಾತ್ರೆ ತೊಳೆಯುವ ಸೋಪು ತೆಗೆದುಬಿಡುತ್ತದೆ.

ಬರೆದುಕೊಟ್ಟದ್ದು ಒಂದು ಸ್ಟೀರಾಯ್ಡ್ ಮುಲಾಮು, ಕೆಲವೇ ದಿನಕ್ಕೆ. ಜೊತೆಗೆ ಅಗ್ಗದ ಪೆಟ್ರೋಲಿಯಂ ಜೆಲ್ಲಿ. ಮುಲಾಮನ್ನು ತೋರುಬೆರಳ ತುದಿಯಿಂದ ಮೊದಲ ಗೆರೆಯವರೆಗೆ ಹಿಂಡಿ ತೋರಿಸಿದರು. ಅಷ್ಟು ಎರಡು ಅಂಗೈಯಗಲಕ್ಕೆ ಸಾಕು. ಸುಮ್ನೆ "ತೆಳ್ಳಗೆ ಹಚ್ಚಿ" ಎಂದು ಕಳಿಸುವುದಕ್ಕಿಂತ ಇದು ಎಷ್ಟೋ ಮೇಲು, ಅಲ್ವಾ? ಬೀಜ ಸೀಳುವಾಗ ಒಳಗೆ ಹತ್ತಿ ಗ್ಲೌಸ್, ಮೇಲೆ ದಪ್ಪ ವಿನೈಲ್ ಗ್ಲೌಸ್ ಹಾಕಲು ಹೇಳಿದರು. ಸೆಕೆಗೆ ಕಷ್ಟ, ಆದರೂ ಹಾಕುತ್ತಿದ್ದೇನೆ. ತುರಿಕೆ ನಿಂತಿದೆ, ಕಪ್ಪು ಕಲೆ ಇನ್ನೂ ಇದೆ.

ಒಂದು ಸ್ಟಾರ್ ಕಡಿಮೆ ಕೊಟ್ಟದ್ದು ಕೌಂಟರಿನವರಿಗೆ. ನಾಲ್ಕು ಗಂಟೆಯ ಟೋಕನ್‌ಗೆ ಒಳಗೆ ಕರೆದದ್ದು ಆರೂವರೆಗೆ. ಬಿಲ್ ಮಾಡುವಾಗ ಫೇಸ್ ವಾಶ್ ಬೇರೆ ಮುಂದಿಟ್ಟರು. ಕೈ ತೋರಿಸಲು ಹೋದವಳಿಗೆ ಫೇಸ್ ವಾಶ್ ಯಾಕೆ ಮಾರಾಯ್ರೆ?